ಜೂಯಿಯ ಚೀಟಿ ಬಟ್ಟೆ ಮತ್ತು ನಮ್ಮೂರಿನ ಗಿರಣಿಗಳು

ಸಂಪಾದಕರಿಗೆ,

ಮಾನ್ಯರೇ,

ದಾವಣಗೆರೆಯ ಹತ್ತಿ ಗಿರಣಿಗಳ ಏಳುಬೀಳನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಇದೇ ಊರಿನ ಗಿರಣಿಯೊಂದರ ಬಟ್ಟೆ ತಪಾಸಣೆ ಖಾತೆಯಲ್ಲಿ, ಅದು ಬಾಗಿಲು ಹಾಕುವ ದಿನದವರೆಗೂ ದುಡಿದ ನನ್ನಂಥವನಿಗೆ ಆ ಲೇಖನದ ಬಹುಪಾಲು ಮಾತು ಸರಿಯೆಂದೇ ಕಂಡಿತು. ಆದರೆ ಅದರ ಆರಂಭದಲ್ಲಿಯೇ, ಹತ್ತಿಯ ಕೈಗಾರಿಕೆಯನ್ನು ಯುರೋಪು ನಮಗೆ ಕಲಿಸಿಕೊಟ್ಟಿತು, ಆ ಪಾಠವನ್ನು ಚೆನ್ನಾಗಿ ಕಲಿತದ್ದರಿಂದ ದಾವಣಗೆರೆಗೆ, ಇಂಗ್ಲೆಂಡಿನ ಹತ್ತಿ ಗಿರಣಿಗಳ ನಗರವನ್ನು ನೆನಪಿಸುವ, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತು ಎಂಬ ಅರ್ಥದ ಒಂದು ವಾಕ್ಯವಿದೆ. ಅದು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಹೇಳುವುದಕ್ಕೆ ಹದಿನೆಂಟನೆಯ ಶತಮಾನದ ಒಬ್ಬ ಫ್ರೆಂಚ್ ಕಾರ್ಖಾನೆದಾರನ ಬದುಕನ್ನು ತಮ್ಮ ಓದುಗರ ಮುಂದಿಡಬೇಕೆನಿಸಿತು. ಪತ್ರ ಉದ್ದವಾಗುತ್ತದೆ; ಸ್ಥಳ ಮಾಡಿಕೊಡಬೇಕೆಂದು ಕೋರುತ್ತೇನೆ.

ಅವನ ಹೆಸರು ಕ್ರಿಸ್ತೋಫ್ ಫಿಲಿಪ್ ಓಬರ್ಕಾಂಫ್. ಪ್ಯಾರಿಸಿನಲ್ಲಿ ಒಂದು ಬೀದಿಗೂ ಒಂದು ಮೆಟ್ರೊ ನಿಲ್ದಾಣಕ್ಕೂ ಈ ಹೆಸರಿದೆ. ಹೆಸರೇ ಸೂಚಿಸುವಂತೆ ಅವನು ಹುಟ್ಟಿನಿಂದ ಫ್ರೆಂಚನಲ್ಲ. 1738ರಲ್ಲಿ ಜರ್ಮನಿಯ ವೀಸೆನ್‌ಬಾಖ್ ಎಂಬ ಊರಿನಲ್ಲಿ, ಬಟ್ಟೆಗೆ ಬಣ್ಣ ಹಾಕುವವರ ಮನೆಯಲ್ಲಿ ಹುಟ್ಟಿದವನು. ತಂದೆ ಕೆಲಸ ಸಿಕ್ಕ ಕಡೆಗೆ ಸಂಸಾರ ಕಟ್ಟಿಕೊಂಡು ಅಲೆದು, ಕಡೆಗೆ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ. ಹುಡುಗ ತಂದೆಯ ಕೈಕೆಳಗೆ ಬಣ್ಣ ಕುದಿಸುವುದನ್ನೂ ಮರದ ಅಚ್ಚು ಕೆತ್ತುವುದನ್ನೂ ಕಲಿತು, ಮುಲೂಸ್ ಎಂಬ ಪಟ್ಟಣದ ಕಾರ್ಖಾನೆಯಲ್ಲಿ ಕೆತ್ತನೆಯ ಕೆಲಸ ಮಾಡಿ, 1758ರಲ್ಲಿ ಇಪ್ಪತ್ತು ವರ್ಷದವನಿದ್ದಾಗ ಬಣ್ಣಗಾರನಾಗಿ ಪ್ಯಾರಿಸಿಗೆ ಬಂದ. ಕೈಯಲ್ಲಿ ದುಡ್ಡಿರಲಿಲ್ಲ. ಆದರೆ ಆಗಿನ ಫ್ರಾನ್ಸಿನಲ್ಲಿ ಬಹಳ ಕಡಿಮೆ ಜನಕ್ಕೆ ಗೊತ್ತಿದ್ದ ಒಂದು ವಿದ್ಯೆ ಅವನ ಕೈಯಲ್ಲಿತ್ತು.

ಆ ವಿದ್ಯೆ ಅಷ್ಟು ವಿರಳವಾಗಿದ್ದುದಕ್ಕೆ ಕಾರಣ ಒಂದು ರಾಜಾಜ್ಞೆ. ನಮ್ಮ ಅಜ್ಜಿಯರು ಚೀಟಿ ಬಟ್ಟೆ ಎನ್ನುತ್ತಿದ್ದರಲ್ಲ, ಹೂಬಳ್ಳಿಗಳ ಅಚ್ಚು ಹಾಕಿದ ಆ ಹತ್ತಿಯ ಬಟ್ಟೆ ಹದಿನೇಳನೆಯ ಶತಮಾನದಲ್ಲಿ ಹಡಗಿನಲ್ಲಿ ಯುರೋಪಿಗೆ ಹೋದಾಗ ಅಲ್ಲಿನ ಜನ ಮರುಳಾದರು. ಹಗುರ, ಒಗೆದರೆ ಬಣ್ಣ ಬಿಡುವುದಿಲ್ಲ, ರೇಷ್ಮೆಗಿಂತ ಅಗ್ಗ. ಫ್ರೆಂಚರು ಅದನ್ನು ಕರೆದದ್ದೇ 'ಆಂದಿಯೆನ್' ಎಂದು. ಭಾರತದ್ದು ಎಂದು ಅರ್ಥ. ಅಲ್ಲಿನ ಉಣ್ಣೆ ಮತ್ತು ರೇಷ್ಮೆಯ ನೇಕಾರರು ತಮ್ಮ ಹೊಟ್ಟೆಯ ಮೇಲೆ ಹೊಡೆತ ಬಿತ್ತೆಂದು ದೂರು ಕೊಟ್ಟರು. 1686ರಲ್ಲಿ ಹದಿನಾಲ್ಕನೆಯ ಲೂಯಿಯ ಸರ್ಕಾರ ಅಂಥ ಬಟ್ಟೆಯನ್ನು ತರಿಸುವುದನ್ನೂ ತನ್ನ ನಾಡಿನಲ್ಲಿ ಅಚ್ಚು ಹಾಕುವುದನ್ನೂ ನಿಷೇಧಿಸಿತು; ಮುಂದೆ ಉಡುವುದೂ ಅಪರಾಧವಾಯಿತು. ಈ ನಿಷೇಧ 1759ರವರೆಗೆ, ಎಪ್ಪತ್ತಮೂರು ವರ್ಷ ನಡೆಯಿತು. ಕಳ್ಳಸಾಗಣೆಯವರನ್ನು ಹಿಡಿದು ಹಡಗಿನ ಹುಟ್ಟು ಹಾಕುವ ಶಿಕ್ಷೆಗೆ ಕಳಿಸುತ್ತಿದ್ದ ಅದೇ ಕಾಲದಲ್ಲಿ ಅರಮನೆಯ ಹೆಂಗಸರು ಅದೇ ಬಟ್ಟೆಯನ್ನು ರಾಜಾರೋಷವಾಗಿ ಉಡುತ್ತಿದ್ದರು. ಕಾನೂನು ಯಾರಿಗೆ ತಗಲುತ್ತದೆ, ಯಾರಿಗೆ ತಗಲುವುದಿಲ್ಲ ಎಂಬುದರಲ್ಲಿ ಆ ದೇಶಕ್ಕೂ ನಮಗೂ ಹೆಚ್ಚಿನ ವ್ಯತ್ಯಾಸವಿದ್ದಂತೆ ಕಾಣುವುದಿಲ್ಲ. ಇತ್ತ ಧರ್ಮದ ಕಿರುಕುಳಕ್ಕೆ ಹೆದರಿ ಫ್ರಾನ್ಸ್ ಬಿಟ್ಟ ಪ್ರಾಟೆಸ್ಟೆಂಟರಲ್ಲಿ ಕೆಲವರು ಸ್ವಿಟ್ಜರ್ಲೆಂಡಿನ ಕಡೆ ಹೋಗಿ ಅಲ್ಲಿ ಈ ಕಸುಬನ್ನು ಬೆಳೆಸಿದರು. ಹೀಗಾಗಿ ನಿಷೇಧ ತೆಗೆದ ಹೊತ್ತಿಗೆ ಫ್ರಾನ್ಸಿನಲ್ಲಿ ಕೊಳ್ಳುವವರಿದ್ದರು, ಮಾಡಬಲ್ಲವರು ಸಾಲುತ್ತಿರಲಿಲ್ಲ. ಓಬರ್ಕಾಂಫ್ ಸರಿಯಾದ ಮುಹೂರ್ತದಲ್ಲಿ ಬಂದಿದ್ದ.

ಈಗ ಆ ವಿದ್ಯೆಯ ಮಾತು. ಹತ್ತಿಗೆ ಬಣ್ಣ ಹತ್ತಿಸುವುದು ಸುಲಭವಲ್ಲ ಎಂಬುದು ಈ ಕೆಲಸದಲ್ಲಿ ಕೈಯಾಡಿಸಿದವರಿಗೆಲ್ಲ ಗೊತ್ತು. ಉಣ್ಣೆ, ರೇಷ್ಮೆಗಳು ಬಣ್ಣವನ್ನು ತಾವಾಗಿ ಹೀರುತ್ತವೆ. ಹತ್ತಿಯ ಎಳೆ ಹಾಗಲ್ಲ. ಯುರೋಪಿನವರು ಮೊದಮೊದಲು ಹತ್ತಿಯ ಮೇಲೆ ಎಣ್ಣೆಬಣ್ಣ ಬಳಿದಂತೆ ಬಳಿದು, ಒಂದು ಒಗೆತಕ್ಕೆ ಎಲ್ಲ ಹೋಗುವುದನ್ನು ನೋಡಿ ಬೇಸತ್ತಿದ್ದರು. ಕೋರಮಂಡಲ ತೀರದ ಬಣ್ಣಗಾರರು ಬಣ್ಣವನ್ನು ಬಟ್ಟೆಯ ಮೇಲೆ ಅಚ್ಚು ಹಾಕುತ್ತಲೇ ಇರಲಿಲ್ಲ. ಅವರು ಮೊದಲು ಅಳಲೆಕಾಯಿಯ ಪುಡಿ ಮತ್ತು ಎಮ್ಮೆಯ ಹಾಲಿನಲ್ಲಿ ಬಟ್ಟೆಯನ್ನು ನೆನೆಸಿ ಒಣಗಿಸುವರು. ಹಾಲಿನ ಜಿಡ್ಡಿನಿಂದ ಗೆರೆ ಹರಡದೆ ನಿಲ್ಲುತ್ತಿತ್ತು. ಆಮೇಲೆ ಕೆಂಪು ಬರಬೇಕಾದ ಕಡೆ ಪಟಿಕದ ನೀರು, ಕಪ್ಪು ಬರಬೇಕಾದ ಕಡೆ ಕಬ್ಬಿಣ ನೆನೆಸಿದ ನೀರು. ಇಷ್ಟಾದ ಮೇಲೆ, ತಮಿಳರು ಸಾಯವೇರ್ ಎನ್ನುವ ಬೇರನ್ನು ಹಾಕಿ ಕುದಿಸಿದ ಒಂದೇ ಹಂಡೆಯಲ್ಲಿ ಬಟ್ಟೆಯನ್ನು ಮುಳುಗಿಸಿದರೆ, ಪಟಿಕ ಬಿದ್ದ ಕಡೆ ಕೆಂಪೂ ಕಬ್ಬಿಣ ಬಿದ್ದ ಕಡೆ ಕಪ್ಪೂ ತಾವಾಗಿಯೇ ಮೂಡುತ್ತಿದ್ದವು. ಬಣ್ಣ ಒಂದೇ, ಅದನ್ನು ಬೇರೆಬೇರೆ ಮಾಡಿ ಎಳೆಗೆ ಬಿಗಿದು ಕಟ್ಟುವುದು ಲವಣ, ಅಂದರೆ ಆ ಪಟಿಕ ಮತ್ತು ಕಬ್ಬಿಣದ ನೀರು. ಈ ಗುಟ್ಟನ್ನು ಗಾಸ್ತೋಂ ಲೋರಾಂ ಕೆರ್ದೂ ಎಂಬ ಫ್ರೆಂಚ್ ಪಾದ್ರಿ ಅಲ್ಲಿನ ಬಣ್ಣಗಾರರಿಂದ ಒಂದೊಂದಾಗಿ ಕೇಳಿ ತಿಳಿದು, 1742ರಲ್ಲಿ ಪತ್ರ ಬರೆದು ತನ್ನ ದೇಶಕ್ಕೆ ಕಳುಹಿಸಿದ. ಆ ಪತ್ರ ಅಚ್ಚಾಗಿ ಅಲ್ಲಿ ಓದುಗರ ಕೈ ಸೇರಿತು. ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ಇರುವ ನಂಟನ್ನು ಬಹಳ ಮುಂಚೆಯೇ ಗುರುತಿಸಿದವರಲ್ಲಿ ಈ ಪಾದ್ರಿಯೂ ಒಬ್ಬನೆಂದು ಭಾಷೆಯ ಪಂಡಿತರು ಅವನನ್ನು ನೆನೆಯುತ್ತಾರೆ. ಅವನಿಗೆ ಹೇಳಿಕೊಟ್ಟ ಬಣ್ಣಗಾರರ ಹೆಸರನ್ನು ಯಾರೂ ನೆನೆಯುವುದಿಲ್ಲ.

ಓಬರ್ಕಾಂಫ್ ತನ್ನ ಕಾರ್ಖಾನೆಯನ್ನು ತೆರೆದದ್ದು 1760ರಲ್ಲಿ, ವರ್ಸೇಲ್ಸ್ ಅರಮನೆಗೆ ಹತ್ತಿರದ ಜೂಯಿ ಎಂಬ ಸಣ್ಣ ಊರಿನಲ್ಲಿ. ಬಿಯೆವ್ರ್ ಎಂಬ ಚಿಕ್ಕ ಹೊಳೆ ಅಲ್ಲಿ ಹರಿಯುತ್ತಿತ್ತು. ಬಟ್ಟೆಯನ್ನು ಜಾಲಿಸಲು ನೀರು, ಹರಡಿ ಬಿಸಿಲಿಗೆ ಬಿಳಿಚಿಸಲು ಹೊಳೆಯ ಅಕ್ಕಪಕ್ಕ ಹುಲ್ಲುಗಾವಲು, ಕೊಳ್ಳಲು ಅರಮನೆ. ಆರಂಭದಲ್ಲಿ ಅವನೂ ಅವನ ತಮ್ಮನೂ ಬೆರಳೆಣಿಕೆಯ ಕೆಲಸಗಾರರೂ ಸೇರಿ ಚಿತ್ರ ಬರೆಯುವುದು, ಅಚ್ಚು ಕೆತ್ತುವುದು, ಒತ್ತುವುದು, ಕುದಿಸುವುದು ಎಲ್ಲವನ್ನೂ ತಾವೇ ಮಾಡುತ್ತಿದ್ದರು. ಬಿಳಿಯ ಬಟ್ಟೆಯ ಬಹುಭಾಗ ಭಾರತದಿಂದಲೇ ಬರುತ್ತಿತ್ತು. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ಲೋರಿಯಾಂ ಬಂದರಿನಲ್ಲಿ ಹರಾಜು ಹಾಕುತ್ತಿತ್ತು; ಆ ಊರಿನ ಹೆಸರೇ ಪೂರ್ವ ದಿಕ್ಕು ಎಂಬ ಅರ್ಥದ ಮಾತಿನಿಂದ ಬಂದದ್ದು. ಅಂದರೆ ನಮ್ಮ ನೇಕಾರ ನೇಯ್ದ ಬಟ್ಟೆ, ನಮ್ಮ ಬಣ್ಣಗಾರ ಕಂಡುಕೊಂಡ ಕ್ರಮ, ಫ್ರಾನ್ಸಿನ ಹೊಳೆಯ ನೀರು. ಅಷ್ಟೇಕೆ, ಲವಣದ ಅಚ್ಚು ಹಾಕಿದ ಬಟ್ಟೆಯನ್ನು ಬಣ್ಣದ ಹಂಡೆಗಿಳಿಸುವ ಮೊದಲು, ಹೆಚ್ಚಾದ ಲವಣವೂ ಅಂಟೂ ಬಿಟ್ಟುಹೋಗಲೆಂದು, ಬಿಸಿನೀರಿನಲ್ಲಿ ಕದಡಿದ ಹಸುವಿನ ಸಗಣಿಯಲ್ಲಿ ಅದ್ದಿ ತೆಗೆಯುವುದು ಅಲ್ಲಿನ ಕಾರ್ಖಾನೆಗಳ ನಿತ್ಯದ ಪದ್ಧತಿಯಾಗಿತ್ತು. ವರ್ಸೇಲ್ಸಿನ ಹೆಂಗಸರಿಗೆ ಈ ಸಂಗತಿಯನ್ನು ಯಾರಾದರೂ ತಿಳಿಸಿದ್ದರೋ ಇಲ್ಲವೋ!

ಬಂಡವಾಳ ಸಾಲದೆ ಬಂದಾಗ ಓಬರ್ಕಾಂಫ್ ಮಾರೇಜ್ ಎಂಬ ವಕೀಲನನ್ನು ಪಾಲುದಾರನಾಗಿ ಸೇರಿಸಿಕೊಂಡ. ಆ ವಕೀಲನಿಗಿಂತ ಮುಖ್ಯಳಾದವಳು ಅವನ ಹೆಂಡತಿ. ಮದಾಂ ದ ಮಾರೇಜ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಕಾರ್ಖಾನೆಯ ಲೆಕ್ಕವನ್ನೂ ಪತ್ರವ್ಯವಹಾರವನ್ನೂ ತಾನೇ ನಡೆಸಿದಳು. ಯಾರಿಗೆ ಎಷ್ಟು ಸಾಲ ಕೊಡಬಹುದು, ಯಾವ ವ್ಯಾಪಾರಿಯ ಹುಂಡಿ (ಹಣ ಕೊಡುವೆನೆಂದು ಬರೆದುಕೊಟ್ಟ ಪತ್ರ) ನಂಬಬಹುದು, ಯಾವುದು ಕೂಡದು ಎಂಬುದು ಅವಳಿಗೆ ಬಿಟ್ಟ ವಿಷಯವಾಗಿತ್ತು. ಖಾತೆಪುಸ್ತಕದ ಮುಂದೆ ಆಯುಷ್ಯ ಕಳೆದ ನಾನು, ಓಬರ್ಕಾಂಫನ ಯಶಸ್ಸಿನಲ್ಲಿ ಅರ್ಧ ಪಾಲು ಈ ಹೆಣ್ಣುಮಗಳದೇ ಎಂದು ಧೈರ್ಯವಾಗಿ ಹೇಳುತ್ತೇನೆ. ಬಣ್ಣ ಗಟ್ಟಿಯಾಗಿದ್ದೂ ಲೆಕ್ಕ ಗಟ್ಟಿಯಿಲ್ಲದೆ ಮುಳುಗಿದ ಗಿರಣಿಗಳನ್ನು ನಾವೇ ಕಂಡಿದ್ದೇವೆ. ಇನ್ನೊಂದು ಸಂಗತಿ: ಪ್ರತಿ ಥಾನಿನ, ಅಂದರೆ ಕತ್ತರಿಸದ ಇಡೀ ಬಟ್ಟೆಯ, ತುದಿಯಲ್ಲಿ ತಯಾರಕನ ಹೆಸರು, ಊರು ಮತ್ತು ಬಣ್ಣ ಗಟ್ಟಿಯೋ ಅಲ್ಲವೋ ಎಂಬುದನ್ನು ಒತ್ತಬೇಕೆಂದು ಅಲ್ಲಿನ ಸರ್ಕಾರದ ನಿಯಮವಿತ್ತು. ಜೂಯಿಯ ಥಾನುಗಳ ಮೇಲೆ 'ಬಣ್ಣ ಗಟ್ಟಿ' ಎಂಬ ಅರ್ಥದ ಮೊಹರು ಇರುತ್ತಿತ್ತು. ನಮ್ಮ ಖಾತೆಯಲ್ಲಿಯೂ ಥಾನಿನ ತುದಿಗೆ ಮೊಹರು ಒತ್ತುವ ಕೆಲಸವಿತ್ತು. ಎಷ್ಟೋ ಮನೆಗಳಲ್ಲಿ ಆ ಮೊಹರಿನ ತುಂಡನ್ನು ಕತ್ತರಿಸಿ ಒಲೆಯ ಮುಂದಿನ ಮಸಿಬಟ್ಟೆ ಮಾಡಿಕೊಳ್ಳುತ್ತಿದ್ದರು.

ಯಂತ್ರಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಅದನ್ನೇ ದೊಡ್ಡದು ಮಾಡಿ ಹೇಳುತ್ತಾರೆ. 1770ರಲ್ಲಿ ತಾಮ್ರದ ತಗಡಿನ ಅಚ್ಚು, 1797ರಲ್ಲಿ ತಾಮ್ರದ ಉರುಳೆಯ ಯಂತ್ರ ಜೂಯಿಗೆ ಬಂದವು. ತಗಡಿನ ಅಚ್ಚು ಐರ್ಲೆಂಡಿನಲ್ಲಿ ಹುಟ್ಟಿದ್ದು. ಉರುಳೆಯ ಯಂತ್ರಕ್ಕೆ ಬ್ರಿಟನ್ನಿನ ಥಾಮಸ್ ಬೆಲ್ 1783ರಲ್ಲಿಯೇ ಹಕ್ಕುಪತ್ರ ಪಡೆದಿದ್ದ. ಯಾವುದೂ ಓಬರ್ಕಾಂಫನ ಸ್ವಂತ ಆವಿಷ್ಕಾರವಲ್ಲ. ಒಳ್ಳೆಯದು ಎಲ್ಲಿದ್ದರೂ ಹುಡುಕಿ ತರುವುದು, ತಂದದ್ದನ್ನು ತನ್ನ ಹೊಳೆಗೂ ತನ್ನ ಕೆಲಸಗಾರರಿಗೂ ಒಗ್ಗಿಸುವುದು ಅವನ ಹೆಚ್ಚುಗಾರಿಕೆ. ರಸಾಯನಶಾಸ್ತ್ರಜ್ಞ ಬೆರ್ತೊಲೆ ಕ್ಲೋರಿನ್ನಿನಿಂದ ಬಟ್ಟೆ ಬಿಳಿಚಿಸುವ ಕ್ರಮ ಕಂಡುಹಿಡಿದಾಗ ಅದನ್ನೂ ತನ್ನಲ್ಲಿಗೆ ತರಿಸಿಕೊಂಡ. ಹಗಲಿರುಳು ಪ್ರಯೋಗ ಮಾಡುತ್ತಿದ್ದ ಸಾಮ್ಯುಯೆಲ್ ವಿಡ್ಮರ್ ಎಂಬ ತನ್ನ ಅಕ್ಕತಂಗಿಯರ ಕಡೆಯ ಹುಡುಗನಿಗೆ ಬೇಕಾದ ಅನುಕೂಲ ಮಾಡಿಕೊಟ್ಟ. ಉರುಳೆಯ ಯಂತ್ರ ದಿನಕ್ಕೆ 5,000 ಮೀಟರ್ ಅಚ್ಚು ಹಾಕಿ ನಲವತ್ತೆರಡು ಅಚ್ಚುಗಾರರ ಕೆಲಸ ಮಾಡುತ್ತಿತ್ತು ಎಂದು ಅದನ್ನು ಹೊಗಳುವವರು ಬರೆಯುತ್ತಾರೆ. ಆ ನಲವತ್ತೆರಡು ಮಂದಿಯಲ್ಲಿ ಒಬ್ಬನ ಹೆಸರೂ ಆ ಹೊಗಳಿಕೆಯ ಜೊತೆಗೆ ಬರುವುದಿಲ್ಲ.

ಅವನನ್ನು ದೇವರ ಪಟದಂತೆ ಗೋಡೆಗೆ ತೂಗುಹಾಕುವ ಉದ್ದೇಶ ನನಗಿಲ್ಲ. ಪ್ರತಿ ಅಚ್ಚುಗಾರನ ಪಕ್ಕದಲ್ಲಿ ಬಣ್ಣದ ತೊಟ್ಟಿಯನ್ನು ಸಮ ಮಾಡಿಕೊಡಲು ಒಂದು ಮಗು ದಿನವಿಡೀ ನಿಂತಿರುತ್ತಿತ್ತು. ನೀಲಿಯನ್ನು ಕುಂಚದಿಂದ ತುಂಬುವ ಕೆಲಸ ಹೆಂಗಸರದು. ಸಾಲುಸಾಲಾಗಿ ಕೂತು ಎಲೆ, ಮೊಗ್ಗುಗಳಿಗೆ ಒಂದೊಂದಾಗಿ ಬಣ್ಣ ಮುಟ್ಟಿಸುತ್ತಿದ್ದರು. ಯುರೋಪಿಗೆ ಬರುತ್ತಿದ್ದ ಹತ್ತಿಯಲ್ಲಿ ಕೆರಿಬಿಯನ್ ದ್ವೀಪಗಳ ಗುಲಾಮರು ಬೆಳೆದ ಹತ್ತಿಯ ಪಾಲು ದೊಡ್ಡದಿತ್ತು. ಅಂಥ ಅಚ್ಚಿನ ಬಟ್ಟೆಯನ್ನೇ ಆಫ್ರಿಕಾಕ್ಕೆ ಒಯ್ದು ಅದಕ್ಕೆ ಬದಲಾಗಿ ಮನುಷ್ಯರನ್ನು ಕೊಳ್ಳುವ ವ್ಯಾಪಾರವನ್ನು ಫ್ರಾನ್ಸಿನ ಬಂದರುಗಳು ನಡೆಸುತ್ತಿದ್ದವು. ಆ ಕಾಲದ ಯಾವ ಹತ್ತಿಯ ಸಾಹುಕಾರನ ಕೈಯೂ ಈ ಕಳಂಕದಿಂದ ಪೂರ್ತಿ ಮುಕ್ತವಾಗಿರಲು ಸಾಧ್ಯವಿರಲಿಲ್ಲ.

ಇಷ್ಟಾದರೂ ಓಬರ್ಕಾಂಫನ ಒಂದು ಕೆಲಸವನ್ನು ನಾನು ಮರೆಯಲಾರೆ. ಈ ಪತ್ರಕ್ಕೆ ಕಾರಣವೂ ಅದೇ. 1783ರಲ್ಲಿ ಅವನ ಕಾರ್ಖಾನೆಗೆ ರಾಜನಿಂದ 'ರಾಯಲ್' ಎಂಬ ಬಿರುದು ಸಿಕ್ಕಿತು. ಅದೇ ವರ್ಷ ಅವನು ಜಾಂ ಬಾತಿಸ್ತ್ ಉಯೆ ಎಂಬ ಹೆಸರಾದ ಚಿತ್ರಕಾರನನ್ನು ಕೆಲಸಕ್ಕೆ ಕರೆಸಿಕೊಂಡ. ಉಯೆ ಬರೆದ ಮೊದಲ ಚಿತ್ರ ದೇವತೆಗಳದೂ ಅಲ್ಲ, ರಾಜರಾಣಿಯರದೂ ಅಲ್ಲ. ಜೂಯಿಯ ಕಾರ್ಖಾನೆಯ ಕೆಲಸದ್ದು. ಹೊಳೆಯಲ್ಲಿ ಬಟ್ಟೆ ಜಾಲಿಸುವವರು, ಹುಲ್ಲಿನ ಮೇಲೆ ಥಾನು ಹರಡುವವರು, ಮರದ ಅಚ್ಚು ಒತ್ತುವವರು, ತಗಡಿನ ಅಚ್ಚಿನ ಯಂತ್ರ ತಿರುಗಿಸುವವರು, ಕುಂಚ ಹಿಡಿದ ಹೆಂಗಸರು, ಬಣ್ಣದ ಹಂಡೆಯ ಮುಂದೆ ನಿಂತವರು, ಎಲ್ಲರೂ ಆ ಒಂದು ಬಟ್ಟೆಯಲ್ಲಿದ್ದಾರೆ. ಶ್ರೀಮಂತರು ಅದನ್ನು ಕೊಂಡು ಮಂಚದ ಪರದೆ ಮಾಡಿಕೊಂಡರು. ಎರಡು ವರ್ಷದ ಹಿಂದೆ ಮಗಳ ಮನೆಗೆಂದು ಪ್ಯಾರಿಸಿಗೆ ಹೋಗಿದ್ದಾಗ ಅವಳ ಜೊತೆ ಜೂಯಿಗೆ ಹೋಗಿ, ಅಲ್ಲಿನ ಬಟ್ಟೆಯ ವಸ್ತುಸಂಗ್ರಹಾಲಯದಲ್ಲಿ ಈ ಚಿತ್ರದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಕಾವಲಿನ ಹೆಂಗಸು ಮಗಳ ಹತ್ತಿರ ಬಂದು, ನಿಮ್ಮ ತಂದೆಯವರಿಗೆ ಕುರ್ಚಿ ಬೇಕೆ ಎಂದು ವಿಚಾರಿಸಿದಳು. ಕುರ್ಚಿ ಬೇಕಿರಲಿಲ್ಲ. ಗಿರಣಿಯ ಒಳಗಿನ ಕೆಲಸವನ್ನು ಇಷ್ಟು ಪ್ರೀತಿಯಿಂದ ಯಾರಾದರೂ ಬರೆದಿಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮುಂದಿನ ಕಥೆ ಬೇಗ ಮುಗಿಯುತ್ತದೆ. 1787ರಲ್ಲಿ ಹದಿನಾರನೆಯ ಲೂಯಿ ಅವನಿಗೆ ಶ್ರೀಮಂತ ಪದವಿ ಕೊಟ್ಟ. ಎರಡೇ ವರ್ಷಕ್ಕೆ ಕ್ರಾಂತಿಯಾಗಿ ಅಂಥ ಪದವಿಗಳು ಬೆಲೆ ಕಳೆದುಕೊಂಡವು, 1790ರಲ್ಲಿ ಊರಿನ ಜನ ಅವನನ್ನೇ ಜೂಯಿಯ ಮೊದಲ ಮೇಯರ್ ಆಗಿ ಆರಿಸಿದರು. 1805ರ ಹೊತ್ತಿಗೆ ಕೆಲಸಗಾರರ ಸಂಖ್ಯೆ 1,300 ದಾಟಿತ್ತು. 1806ರಲ್ಲಿ ನೆಪೋಲಿಯನ್ ಕಾರ್ಖಾನೆಗೆ ಬಂದು ತನ್ನ ಎದೆಯ ಮೇಲಿನ ಗೌರವಪದಕವನ್ನು ಬಿಚ್ಚಿ ಅವನಿಗೆ ತೊಡಿಸಿದ. ಪದಕ ಕೊಟ್ಟ ಕೈಯೇ ಪೆಟ್ಟನ್ನೂ ಕೊಟ್ಟಿತು. ಅದೇ ವರ್ಷ ಹೊರದೇಶದ ಹತ್ತಿಬಟ್ಟೆಯ ಆಮದು ನಿಂತದ್ದರಿಂದ ಬಿಳಿ ಬಟ್ಟೆಯನ್ನು ತಾನೇ ತಯಾರಿಸಬೇಕಾಗಿ ಬಂದು, ಓಬರ್ಕಾಂಫ್ ಎಸೋನ್ ಎಂಬಲ್ಲಿ ನೂಲಿನ ಗಿರಣಿಗೆ ಹಣ ಸುರಿದ. 1810ರಲ್ಲಿ ಹಸಿ ಹತ್ತಿಯ ಮೇಲೆಯೇ ಭಾರಿ ಸುಂಕ ಬಿತ್ತು. ಅರಳೆಯ ಬೆಲೆ ಏರಿ, ಬಟ್ಟೆಯ ಬೇಡಿಕೆ ಇಳಿದರೆ ಗಿರಣಿಯ ಗತಿ ಏನಾಗುತ್ತದೆ ಎಂಬುದನ್ನು ದಾವಣಗೆರೆಯವರಿಗೆ ವಿವರಿಸಬೇಕಾಗಿಲ್ಲ. ನೆಪೋಲಿಯನ್ ಸೋತ ಮೇಲೆ 1815ರಲ್ಲಿ ಶತ್ರುಸೈನ್ಯ ಬಂದು ಕೆಲಸ ನಿಂತಿತು; ಅದೇ ವರ್ಷದ ಅಕ್ಟೋಬರಿನಲ್ಲಿ ಓಬರ್ಕಾಂಫ್ ತೀರಿಕೊಂಡ. ಕಾರ್ಖಾನೆ ಕೈಯಿಂದ ಕೈಗೆ ಹೋಗಿ 1843ರಲ್ಲಿ ಮುಚ್ಚಿತು. ಬಿಯೆವ್ರ್ ಹೊಳೆಯನ್ನು ಪ್ಯಾರಿಸ್ ನಗರದೊಳಗೆ ಮುಚ್ಚಿ ಮೇಲೆ ರಸ್ತೆ ಮಾಡಿದ್ದಾರೆ.

ಆ ಕಾರ್ಖಾನೆಯ ಗತಿಯೂ ನಮ್ಮ ಗಿರಣಿಗಳ ಗತಿಯೂ ಕೊನೆಗೆ ಒಂದೇ ಆಯಿತು. ಅಲ್ಲಿ ಸುಂಕ ಮತ್ತು ಯುದ್ಧ. ಇಲ್ಲಿ ಪವರ್‌ಲೂಮ್, ಪಾಲಿಯೆಸ್ಟರ್, ಹಳೆಯ ಯಂತ್ರ, ಮುಷ್ಕರ, ಬಾಕಿ ಬಿದ್ದ ಸಾಲ. ಆದರೆ ಅದು ಮುಚ್ಚಿ ನೂರೆಂಬತ್ತು ವರ್ಷ ಕಳೆದರೂ ಅದರ ಮಾದರಿ ತುಂಡುಗಳನ್ನೂ ಅಚ್ಚುಗಳನ್ನೂ ಇವತ್ತಿಗೂ ಕಣ್ಣಾರೆ ನೋಡಬಹುದು. ನಮ್ಮ ಗಿರಣಿ ಮುಚ್ಚಿ ಒಂದು ತಲೆಮಾರೂ ಪೂರ್ತಿ ಆಗಿಲ್ಲ, ಏನೂ ಇಲ್ಲ. ಡಿ.ಸಿ.ಎಂ. ಟೌನ್‌ಶಿಪ್ ಎಂದು ವಿಳಾಸ ಬರೆಯುವ ಹೊಸ ತಲೆಮಾರಿನ ಎಷ್ಟು ಜನಕ್ಕೆ ಆ ಮೂರು ಅಕ್ಷರ ದಾವಣಗೆರೆ ಕಾಟನ್ ಮಿಲ್ಸ್ ಎಂದು ಗೊತ್ತು? ನಾನು ದುಡಿದ ಗಿರಣಿಯ ಮಾದರಿ ಪುಸ್ತಕಗಳು, ಒಂದೊಂದು ಪುಟಕ್ಕೂ ಒಂದೊಂದು ನೇಯ್ಗೆಯ ತುಂಡನ್ನು ಅಂಟಿಸಿದಂಥವು, ಗುಜರಿಯವನ ತಕ್ಕಡಿಯಲ್ಲಿ ಹಳೆಯ ಕಾಗದದ ದರಕ್ಕೆ ತೂಗಿದ್ದನ್ನು ನಾನು ನಿಂತು ನೋಡಿದ್ದೇನೆ. ತಡೆಯುವ ಅಧಿಕಾರ ನನಗಿರಲಿಲ್ಲ. ತಡೆಯಬೇಕೆಂಬ ಬುದ್ಧಿಯೂ ಆಗ ಬರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಸಂಬಳದ ಬಾಕಿ ಯಾವಾಗ ಸಿಗುತ್ತದೆ ಎಂಬುದೊಂದೇ ಅಂದಿನ ಚಿಂತೆ.

ಮ್ಯಾಂಚೆಸ್ಟರ್ ಎಂಬ ಹೆಸರನ್ನು ಹೇಳಿಕೊಂಡು ನಾವು ಹೆಮ್ಮೆಪಟ್ಟದ್ದು ಸಾಕು ಎಂಬುದು ನನ್ನ ಅಭಿಪ್ರಾಯ. ಅಹಮದಾಬಾದಿಗೂ ಕೊಯಮತ್ತೂರಿಗೂ ಅದೇ ಹೆಸರನ್ನು ಅಂಟಿಸಿದ್ದಾರೆ. ಅದರಿಂದ ಯಾವ ಊರಿನ ಗುರುತೂ ಸಿಗುವುದಿಲ್ಲ. ನಮ್ಮ ಹಿಂದಿನ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಮೊಳಕಾಲ್ಮೂರಿನ ರೇಷ್ಮೆ ಸೀರೆ ತನ್ನ ಊರಿನ ಹೆಸರಿನಿಂದಲೇ ಭೌಗೋಳಿಕ ಗುರುತು ಪಡೆದು ನಿಂತಿದೆ. ದಾವಣಗೆರೆಯ ನೂಲಿಗೆ ಆ ಭಾಗ್ಯ ಇನ್ನು ಬರಲಾರದು. ಸುತ್ತಲ ಹೊಲಗಳಲ್ಲಿ ಹತ್ತಿ ಹೋಗಿ ಮೆಕ್ಕೆಜೋಳ ಬಂದಾಯಿತು. ಆದರೆ ನೂಲಿದವರು, ನೇಯ್ದವರು ಇನ್ನೂ ಇದ್ದಾರೆ. ಜಾಬರ್ (ಮೇಸ್ತ್ರಿ) ಆಗಿದ್ದವರು, ಕಾಯಂ ಆಗದೆ ಬದ್ಲಿಯಾಗಿಯೇ ಮೂರನೆಯ ಪಾಳಿಯಲ್ಲಿ ಮುದುಕರಾದವರು, ಹರಿದ ಎಳೆಯನ್ನು ಕಣ್ಣುಮುಚ್ಚಿ ಕಟ್ಟಬಲ್ಲ ಹೆಂಗಸರು ಬೆಳಗ್ಗೆ ಮಂಡಕ್ಕಿ ಮೆಣಸಿನಕಾಯಿಯ ಅಂಗಡಿಗಳ ಮುಂದೆ, ಸಂಜೆ ಗುಡಿಯ ಕಟ್ಟೆಗಳ ಮೇಲೆ ಸಿಗುತ್ತಾರೆ. ಅವರೆಲ್ಲ ಎಪ್ಪತ್ತು ದಾಟಿದವರು. ಅವರಾಡುವ ಕೆಲಸದ ಮಾತುಗಳನ್ನು ಯಾರೂ ಬರೆದಿಟ್ಟಿಲ್ಲ. ಜವಳಿ ತಂತ್ರಜ್ಞಾನ ಕಲಿಸಿದ ಇಂಜಿನಿಯರಿಂಗ್ ಕಾಲೇಜು ಊರಿನಲ್ಲಿಯೇ ಇದೆ, ವಿಶ್ವವಿದ್ಯಾಲಯವೂ ಇದೆ. ಒಂದು ವರ್ಷದ ವಿದ್ಯಾರ್ಥಿಗಳು ತಲಾ ಒಬ್ಬ ಹಳೆಯ ಕೆಲಸಗಾರನ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ತಂದರೂ ಒಂದು ದೊಡ್ಡ ಭಂಡಾರವಾಗುತ್ತದೆ. ಮಹಾನಗರ ಪಾಲಿಕೆಯಾಗಲಿ ಜಿಲ್ಲಾಡಳಿತವಾಗಲಿ, ಸೋರದ ಮಾಡಿನ ಒಂದು ಕೋಣೆ ಕೊಟ್ಟರೆ, ಮನೆಮನೆಯ ಅಟ್ಟದಲ್ಲಿರುವ ಬಾಬಿನ್, ಲಾಳಿ, ಹಾಜರಿ ಚೀಟಿ, ಸಂಬಳದ ಪಟ್ಟಿ, ಮೊಹರು ಬಿದ್ದ ಥಾನಿನ ತುಂಡು ತಾವಾಗಿ ಬಂದು ಸೇರುತ್ತವೆಂಬ ನಂಬಿಕೆ ನನಗಿದೆ. ತಮ್ಮ ಪತ್ರಿಕೆಯೇ ಇದಕ್ಕೊಂದು ಕರೆ ಕೊಟ್ಟರೆ ಕೆಲಸ ಬೇಗ ಆದೀತು.

ನನ್ನ ಹತ್ತಿರ ಇರುವುದು ಎರಡೇ. ಎಳೆ ಎಣಿಸುವ ಹಿತ್ತಾಳೆಯ ಪುಟ್ಟ ಮಡಿಸುವ ಮಸೂರ ಒಂದು. ಗುಜರಿಯ ಗೋಣಿಯಿಂದ ಜಾರಿ ನೆಲಕ್ಕೆ ಬಿದ್ದು ನನ್ನ ಕೈಗೆ ಸಿಕ್ಕ ತಪಾಸಣೆಯ ರಿಜಿಸ್ಟರ್ ಇನ್ನೊಂದು. ಅದರಲ್ಲಿ ಯಾವ ಮಗ್ಗದ ಯಾವ ಥಾನಿನಲ್ಲಿ ಎಷ್ಟು ದೋಷ, ನೇಯ್ದವರು ಯಾರು ಎಂಬುದು ಹೆಸರು ಸಮೇತ ಇದೆ. ಕೋಣೆ ಯಾವಾಗ ತೆರೆದರೂ ಎರಡನ್ನೂ ನಾನೇ ತಂದು ಒಪ್ಪಿಸುತ್ತೇನೆ. ರಿಜಿಸ್ಟರಿನ ಮೊದಲ ನಾಲ್ಕು ಪುಟಕ್ಕೆ ಕಳೆದ ಮಳೆಗಾಲದಲ್ಲಿ ಗೆದ್ದಲು ಹತ್ತಿತ್ತು. ಸದ್ಯ ಬೇವಿನ ಎಲೆ ಹಾಕಿ, ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗಿರಣಿ ನೌಕರ,
ದಾವಣಗೆರೆ